ಏದುಸಿರು ಬಿಡುತ್ತಿದ್ದ ಎಂಜಿನ್ನುಗಳು

ಹಳೇ ರೈಲಿನ ನೆನಪು ಅಂದ ಕೂಡಲೇ ಎಲ್ಲರೂ ಉಗಿಬಂಡಿಯ ಹತ್ತಿರ ಓಡುತ್ತಾರೆ. ಕಲ್ಲಿದ್ದಲ ಹೊಗೆ, ಕಣ್ಣಿಗೆ ಬೀಳುವ ಕಿಡಿ, ಬಿಳಿ ಅಂಗಿಯ ಮೇಲೆ ಕಪ್ಪು ಚುಕ್ಕೆ. ಮಕ್ಕಳ ಪದ್ಯವಿರಲಿ, ಕ್ಯಾಲೆಂಡರ್ ಚಿತ್ರವಿರಲಿ, ಮೊದಲ ಮಣೆ ಅದಕ್ಕೇ. ಈಗಲೂ ಮಗುವಿಗೆ ರೈಲಿನ ಚಿತ್ರ ಬರಿ ಅಂದರೆ ಒಂದು ಚಿಮಣಿ, ಅದರ ಮೇಲೆ ಮೂರು ಸುರುಳಿ ಹೊಗೆ ಬರೆಯುತ್ತದೆ. ಆ ಮಗು ಉಗಿ ಎಂಜಿನ್ನನ್ನು ಜನ್ಮದಲ್ಲಿ ನೋಡಿರುವುದಿಲ್ಲ.

ಪಾಪ, ಡೀಸೆಲ್ ಎಂಜಿನ್ನಿನ ಮೇಲೆ ಯಾರೂ ಕಣ್ಣೀರು ಹಾಕಿದ್ದನ್ನು ನಾನು ಕಾಣೆ. ಹಳೇ ಕರೆಂಟ್ ಎಂಜಿನ್ನಿನ ಗತಿ ಇನ್ನೂ ಕಡೆ. ನೋಡಲು ಅದು ಚಕ್ರ ಹಚ್ಚಿದ ಕಬ್ಬಿಣದ ಬೀರು. ಹೊಗೆಯಿಲ್ಲ, ಉಗಿಯಿಲ್ಲ, ಒಂದು ಒಳ್ಳೆಯ ಕೂಗೂ ಇಲ್ಲ. ಇಂಥದ್ದನ್ನು ಯಾರು ನೆನೆಸಿಕೊಳ್ಳುತ್ತಾರೆ?

ನಾನು ನೆನೆಸಿಕೊಳ್ಳುತ್ತೇನೆ. ಅದೂ ಘಾಟಿ ಹತ್ತುತ್ತಿದ್ದವನ್ನು ಮಾತ್ರ. ಬಯಲಿನಲ್ಲಿ ಎಂಜಿನ್ ಅಂದರೆ ಒಂದು ಎಳೆಯುವ ಸಾಮಾನು, ಅಷ್ಟೆ. ಅರಸೀಕೆರೆ ಕಡೆಯ ಸಪಾಟು ನೆಲದಲ್ಲಿ ಮುಂದೆ ಯಾವ ಎಂಜಿನ್ ಇದೆ ಅಂತ ಪ್ರಯಾಣಿಕರು ಕೇಳುವುದಿಲ್ಲ. ಸುಬ್ರಹ್ಮಣ್ಯ ರೋಡ್ ದಾಟಿ ಸಕಲೇಶಪುರದ ಕಡೆ ಹತ್ತತೊಡಗಿದರೆ ಮಾತೇ ಬೇರೆ. ಅಲ್ಲಿಂದ ಮುಂದೆ ಎಂಜಿನ್ನಿಗೂ ಒಂದು ಗುಣ, ಒಂದು ಸಿಟ್ಟು, ಒಂದು ಸುಸ್ತು ಬರುತ್ತದೆ. ಬರುತ್ತಿತ್ತು ಅನ್ನಬೇಕು.

ಘಾಟಿಯ ಏರು ಕಾಗದದ ಮೇಲೆ ಏನೂ ಅಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ 50ಕ್ಕೆ 1. ಅಂದರೆ 50 ಅಡಿ ಹೋದರೆ 1 ಅಡಿ ಏರು. ಮುಂಬಯಿ–ಪುಣೆ ದಾರಿಯ ಭೋರ್ ಘಾಟ್ ಮತ್ತು ಗೋವಾ ದಾರಿಯ ಕ್ಯಾಸಲ್‌ರಾಕ್–ಕುಳೆ ಇಳಿಜಾರು ಇನ್ನೂ ಕಡಿದು, 37ಕ್ಕೆ 1. ಸೈಕಲ್ ತುಳಿಯುವವರು ಇಂಥ ಏರನ್ನು ಏರು ಅಂತ ಲೆಕ್ಕಕ್ಕೇ ಹಿಡಿಯಲಿಕ್ಕಿಲ್ಲ. ಆದರೆ ರೈಲಿಗೆ ಕಬ್ಬಿಣದ ಮೇಲೆ ಕಬ್ಬಿಣ. ಚಕ್ರಕ್ಕೂ ಹಳಿಗೂ ಅಂಟುವ ಜಾಗ ಒಂದು ನಾಣ್ಯದಷ್ಟು. ಅದರ ಮೇಲೆ ಮಲೆನಾಡಿನ ಜುಲೈ ಮಳೆ, ಜೊತೆಗೆ ಹಳಿಗೆ ಮೆತ್ತಿಕೊಂಡ ಎಲೆ. ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಅದಕ್ಕೇ ಎಂಜಿನ್ನಿನ ಪೆಟ್ಟಿಗೆಯಲ್ಲಿ ಮರಳು ತುಂಬಿರುತ್ತಾರೆ. ಚಕ್ರ ಜಾರಿದಾಗ ಡ್ರೈವರ್ ಅದನ್ನು ಹಳಿಯ ಮೇಲೆ ಸುರಿಸುತ್ತಾರೆ. ಸಾವಿರಾರು ಅಶ್ವಶಕ್ತಿಯ ಯಂತ್ರ ಕೊನೆಗೆ ಒಂದು ಬೊಗಸೆ ಮರಳನ್ನು ನೆಚ್ಚಿಕೊಳ್ಳುವುದು ನನಗೆ ಬಹಳ ಇಷ್ಟದ ಸಂಗತಿ.

ಸಕಲೇಶಪುರದ ಘಾಟಿ ಅಂಥ ಹಳೆಯದೇನಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ, ಅಂದರೆ ಹಳಿಗಳ ನಡುವೆ ಒಂದೇ ಮೀಟರ್ ಅಗಲದ್ದು, ಮುಗಿದದ್ದು 1979ರಲ್ಲಿ. ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಎಡಕುಮೇರಿಯಂಥ ಸ್ಟೇಷನ್ನಿಗೆ ನೆಟ್ಟಗೆ ರಸ್ತೆಯೂ ಇರಲಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ದಾರಿಯನ್ನು 1996ರಲ್ಲಿ ಅಗಲ ಹಳಿಯ ಬ್ರಾಡ್ ಗೇಜ್ ಮಾಡಲೆಂದು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಕೊನೆಗೆ. ನಡುವಿನ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಘಾಟಿಯ ರೈಲು ಅಂದರೆ ಅಪ್ಪ ಅಮ್ಮ ಹೇಳುವ ಕಥೆ.

ಮೀಟರ್ ಗೇಜ್ ಕಾಲದ ಹೀರೋ ವೈಡಿಎಂ-4 ಅನ್ನುವ ಡೀಸೆಲ್ ಎಂಜಿನ್. ಅಮೆರಿಕದ ಆಲ್ಕೊ ಕಂಪನಿಯ ನಕ್ಷೆ. ಮೊದಲು ಅಲ್ಲಿಂದಲೇ ತರಿಸಿ, ಆಮೇಲೆ ವಾರಾಣಸಿಯಲ್ಲಿ ಕಟ್ಟಿದರು. ಆರು ಸಿಲಿಂಡರು, ಸುಮಾರು 1400 ಅಶ್ವಶಕ್ತಿ. ಬ್ರಾಡ್ ಗೇಜಿನ ಅಣ್ಣ ಡಬ್ಲ್ಯುಡಿಎಂ-2ಕ್ಕೆ 16 ಸಿಲಿಂಡರು, 2600 ಅಶ್ವಶಕ್ತಿ. ಆಲ್ಕೊ ಕಂಪನಿ 1969ರಲ್ಲೇ ಬಾಗಿಲು ಹಾಕಿತು. ನಮ್ಮವರು ಅದಾದ ಮೇಲೂ ದಶಕಗಟ್ಟಲೆ ಅದೇ ಎಂಜಿನ್ನನ್ನು ತಿದ್ದಿ ತೀಡಿ ಕಟ್ಟುತ್ತಲೇ ಹೋದರು. ಹೆತ್ತವರು ಹೋದ ಮೇಲೂ ಸಂಸಾರ ಬೆಳೆಯಿತು.

ಆಲ್ಕೊ ಸದ್ದನ್ನು ಬರೆದು ತೋರಿಸುವುದು ಕಷ್ಟ. ನಿಂತಾಗ ಡುಗ್... ಡುಗುಡುಗ್... ಡುಗ್ ಅಂತ ತಾಳ ತಪ್ಪಿದ ಹಾಗೆ ಕೇಳುತ್ತದೆ. ತಾಳ ಮಾತ್ರ ತಪ್ಪುವುದಿಲ್ಲ. ಸ್ಟೇಷನ್ನಿನಲ್ಲಿ ಅರ್ಧ ಗಂಟೆ ನಿಂತರೂ ಅದನ್ನು ಆರಿಸುತ್ತಿರಲಿಲ್ಲ. ಆರಿಸಿದರೆ ಮತ್ತೆ ಚಾಲೂ ಮಾಡುವ ರಗಳೆ, ಬ್ಯಾಟರಿಯ ಚಿಂತೆ. ಸುಮ್ನೆ ಡೀಸೆಲ್ ಕುಡಿಯುತ್ತಾ ನಿಂತಿರುತ್ತಿತ್ತು. ಸಿಗ್ನಲ್ ಬಿದ್ದು ಡ್ರೈವರ್ ನಾಚ್, ಅಂದರೆ ಎಂಜಿನ್ನಿನ ಜೋರು ಹೆಚ್ಚಿಸುವ ಹಿಡಿಕೆಯ ಮೆಟ್ಟಿಲು, ಏರಿಸಿದಾಗ ನೋಡಬೇಕು. ಒಂದು, ಎರಡು, ಮೂರು, ಹೀಗೆ ಎಂಟರವರೆಗೆ. ಎಣ್ಣೆ ತಕ್ಷಣ ಜಾಸ್ತಿ ಬರುತ್ತದೆ. ಗಾಳಿ ತುಂಬುವ ಟರ್ಬೊ ಮಾತ್ರ ಇನ್ನೂ ವೇಗ ಹಿಡಿದಿರುವುದಿಲ್ಲ. ಆ ಕೆಲವು ಗಳಿಗೆ ಬೇಯದ ಎಣ್ಣೆಯೆಲ್ಲ ಕಪ್ಪು ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಆಮೇಲೆ ಟರ್ಬೊ ಸುಯ್ ಎಂದು ಎದ್ದು, ಹೊಗೆ ತೆಳುವಾಗಿ, ಬೋಗಿಗಳ ಕೊಂಡಿಗಳು ಒಂದೊಂದಾಗಿ ಬಿಗಿಯುತ್ತವೆ. ಎಂಜಿನಿಯರುಗಳ ಲೆಕ್ಕದಲ್ಲಿ ಇದು ದೋಷ. ರೈಲು ನೋಡಲು ಹೋಗುವವರ ಲೆಕ್ಕದಲ್ಲಿ ಇದೇ ಹಬ್ಬ.

ಘಾಟಿಯಲ್ಲಿ ಎಂಟನೇ ನಾಚ್ ಹಾಕಿದರೂ ಸದ್ದು ಮಾತ್ರ ಏರುತ್ತದೆ, ವೇಗ ಏರುವುದಿಲ್ಲ. ಎಲ್ಲ ಶಕ್ತಿ ಹಾಕಿದ ಮೇಲೂ ಗಾಡಿ ತೆವಳುತ್ತಲೇ ಇರುತ್ತದೆ. ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟು ಚಕ್ರದ ಮೋಟಾರಿಗೆ ಹೋಗುತ್ತದೆ. ಲೆಕ್ಕಕ್ಕೆ ಇದೂ ಒಂದು ಕರೆಂಟ್ ರೈಲೇ, ಪವರ್ ಹೌಸನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತುವ ಕರೆಂಟ್ ರೈಲು. ನಿಧಾನ ಹೋದಷ್ಟೂ ಮೋಟಾರಿಗೆ ಕರೆಂಟು ಜಾಸ್ತಿ, ಬಿಸಿಯೂ ಜಾಸ್ತಿ. ಡ್ರೈವರ್ ಮುಂದೆ ಒಂದು ಮೀಟರ್. ಮುಳ್ಳು ಇಷ್ಟರ ಮೇಲೆ ಇಷ್ಟೇ ನಿಮಿಷ ಇರಬಹುದು, ಆಮೇಲೆ ಮೋಟಾರು ಸುಡುತ್ತದೆ. ಘಾಟಿಯಲ್ಲಿ ಡ್ರೈವರ್‌ಗೆ ಕಾಡಿನ ಚೆಂದ ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು? ಒಂದು ಕಣ್ಣು ಹಳಿಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ.

ಹಿಂದೆ ಬ್ಯಾಂಕರ್. ಏರು ಹತ್ತುವಾಗ ರೈಲಿನ ಬಾಲಕ್ಕೆ ಹಚ್ಚಿ ನೂಕುವ ಎಂಜಿನ್ನಿಗೆ ಆ ಹೆಸರು. ವಾಕಿಟಾಕಿ ಇಲ್ಲದ ಕಾಲದಲ್ಲಿ ಮುಂದಿನವರು ಸಿಳ್ಳೆ ಹಾಕಬೇಕು, ಹಿಂದಿನವರು ಉತ್ತರ ಕೊಡಬೇಕು, ಇಬ್ಬರೂ ಒಟ್ಟಿಗೆ ಜೋರು ಕೊಡಬೇಕು. ನಡುವೆ ತಿರುವು, ಸುರಂಗ, ಮಳೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಎಂಜಿನ್ ಹುಚ್ಚಿದ್ದವರು ಕೊನೆಯ ಬೋಗಿಯಲ್ಲೇ ಸೀಟು ಹುಡುಕುತ್ತಿದ್ದರು. ನಾನೂ ಅದೇ ಜಾತಿ. ಬ್ಯಾಂಕರ್ ಮೂತಿ ಬಾಗಿಲಿಗೆ ತಗುಲುವಷ್ಟು ಹತ್ತಿರ. ಅದರ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬರುತ್ತದೆ. ಸುರಂಗ ಹೊಕ್ಕರೆ ಮುಗಿಯಿತು, ಎಲ್ಲರೂ ಕಿಟಕಿ ಇಳಿಸಿ ಮೂಗು ಮುಚ್ಚಿಕೊಳ್ಳುವುದೇ. ಹೊರಗೆ ಬಂದ ಕೂಡಲೇ ಮತ್ತೆ ಕಿಟಕಿ ಮೇಲೆ. ಐವತ್ತೇಳು ಸುರಂಗಕ್ಕೂ ಇದೇ ಕವಾಯತು. ಸಕಲೇಶಪುರ ಸೇರುವಷ್ಟರಲ್ಲಿ ತೋಳಿಗೆ ಒಳ್ಳೆಯ ಕಸರತ್ತು.

ಇಳಿಯುವಾಗ ರಾಗ ಬೇರೆ. ಅದೇ ಮೋಟಾರುಗಳನ್ನು ಜನರೇಟರ್ ಮಾಡಿ ಚಕ್ರವನ್ನು ತಡೆಯುತ್ತಾರೆ. ಹುಟ್ಟಿದ ಕರೆಂಟನ್ನು ಎಂಜಿನ್ ಮೇಲಿನ ಸುರುಳಿಗಳಲ್ಲಿ ಸುಟ್ಟು ಬಿಸಿಗಾಳಿ ಮಾಡಿ ಬಿಡುತ್ತಾರೆ. ಅದರ ಫ್ಯಾನು ಉದ್ದಕ್ಕೂ ಕೀ... ಎಂದು ಅಳುತ್ತದೆ. ಹತ್ತಲು ಅಷ್ಟು ಡೀಸೆಲ್ ಸುಟ್ಟು, ಇಳಿಯುವಾಗ ಬಂದ ಕರೆಂಟನ್ನೂ ಗಾಳಿಗೆ ತೂರುವ ದುಂದುಗಾರ ಅದು.

ಈ ವಿಷಯದಲ್ಲಿ ಭೋರ್ ಘಾಟಿನ ಹಳೇ ಕರೆಂಟ್ ಎಂಜಿನ್ನುಗಳು ಬಲು ಜಾಣ. ಮುಂಬಯಿ–ಪುಣೆ ದಾರಿಗೆ 1500 ವೋಲ್ಟ್ ಡಿಸಿ ತಂತಿ ಬಂದದ್ದು 1929–30ರಲ್ಲಿ. ಅದಕ್ಕೂ ಮೊದಲು ಖಂಡಾಲದ ಹತ್ತಿರ ರೈಲು ನಿಂತು, ಎಂಜಿನ್ ತಲೆಯಿಂದ ಬಾಲಕ್ಕೆ ಹೋಗಿ, ಹಿಂದುಮುಂದಾಗಿ ಹತ್ತಬೇಕಿತ್ತು. ಹೊಸ ಸುರಂಗಗಳು ಬಂದು ಆ ಗೋಳು ತಪ್ಪಿತು. 1930ರ ಜೂನ್ 1ಕ್ಕೆ ಮುಂಬಯಿ–ಪುಣೆ ನಡುವಿನ ಡೆಕ್ಕನ್ ಕ್ವೀನ್ ರೈಲು ಹೊರಟಿತು.

ಆ ಘಾಟಿಯ ಗೂಡ್ಸ್ ಎಳೆಯಲು ಬಂದದ್ದು ಡಬ್ಲ್ಯುಸಿಜಿ-1. ಒಟ್ಟು 41 ಎಂಜಿನ್ನು, ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲೂ ಇಂಗ್ಲೆಂಡಿನಲ್ಲೂ ಕಟ್ಟಿದ್ದು. ನಡುವೆ ಡ್ರೈವರ್ ಕೋಣೆ, ಹಿಂದೆ ಮುಂದೆ ಉದ್ದ ಮೂತಿ. ಕರೆಂಟ್ ಎಂಜಿನ್ನಾದರೂ ಚಕ್ರದಿಂದ ಚಕ್ರಕ್ಕೆ ಉಗಿ ಎಂಜಿನ್ನಿನ ಹಾಗೆ ಕಬ್ಬಿಣದ ತೋಳು. ಪರದೇಶದಲ್ಲಿ ಇಂಥ ಆಕಾರವನ್ನು ಮೊಸಳೆ ಅಂದರೆ, ಇಲ್ಲಿಯ ರೈಲ್ವೆಯವರು 'ಖೇಕಡಾ' ಅಂದರು. ಏಡಿ ಅಂತ. ನಿಂತಾಗ ನರಳುತ್ತಿತ್ತು, ಓಡುವಾಗ ಆ ತೋಳುಗಳಿಂದ ಸುಂಯ್ ಸುಂಯ್ ಅನ್ನುತ್ತಿತ್ತು. ಕರೆಂಟ್ ಎಂಜಿನ್ನಿಗೆ ದನಿಯಿಲ್ಲ ಅನ್ನುವವರು ಇದನ್ನು ಕೇಳಿಲ್ಲ ಅಂತಲೇ ಅರ್ಥ.

ಏಡಿ ಘಾಟಿ ಇಳಿಯುವಾಗ ಹುಟ್ಟಿದ ಕರೆಂಟನ್ನು ಮತ್ತೆ ತಂತಿಗೇ ಕೊಡುತ್ತಿತ್ತು. ಅದೇ ಹೊತ್ತಿಗೆ ಎದುರಿನಿಂದ ಹತ್ತುವ ರೈಲು ಅದನ್ನು ಬಳಸಿಕೊಳ್ಳಬಹುದು. ಇಳಿಯುವವನು ಹತ್ತುವವನಿಗೆ ಕೈಕೊಡುವ ಏರ್ಪಾಡು. ಇನ್ನೂ ಒಂದು ಸ್ವಾರಸ್ಯ ಇದೆ. ಲೋಣಾವಳದ ಸುತ್ತ ಬೀಳುವ ಮಳೆಯನ್ನು ಕೆರೆಗಳಲ್ಲಿ ಹಿಡಿದು, ಬೆಟ್ಟದ ಬುಡದ ಖೋಪೋಲಿಗೆ ಕೊಳವೆಯಲ್ಲಿ ಇಳಿಸಿ, ಟಾಟಾ ಕಂಪನಿ 1915ರಿಂದಲೇ ಕರೆಂಟು ತೆಗೆಯುತ್ತಿತ್ತು. ರೈಲ್ವೆಯೂ ಟಾಟಾ ಕರೆಂಟಿನ ಗಿರಾಕಿ. ಬೆಟ್ಟದಿಂದ ಇಳಿದ ನೀರಿನ ಬಲದಲ್ಲಿ ಒಂದು ಪಾಲಾದರೂ ರೈಲನ್ನು ಅದೇ ಬೆಟ್ಟ ಹತ್ತಿಸಿರಬೇಕು. ನಮ್ಮ ಶಾಲೆಯಲ್ಲಿ ವಿಜ್ಞಾನವನ್ನು ಹೀಗೆ ಹೇಳಿಕೊಟ್ಟಿದ್ದರೆ ನನ್ನ ಅಂಕ ಸ್ವಲ್ಪ ಸುಧಾರಿಸುತ್ತಿತ್ತೋ ಏನೋ.

ಇಷ್ಟೆಲ್ಲ ಹೊಗಳುವಾಗ ಒಂದು ಮಾತು ನುಂಗಬಾರದು. ಹೊಗೆ ಚೆಂದ ಅನ್ನುವುದು ಬಾಗಿಲಲ್ಲಿ ನಿಂತ ನಮಗೆ. ಸುರಂಗದೊಳಗೆ ಬ್ಯಾಂಕರ್‌ನ ಕ್ಯಾಬಿನ್ನಿನಲ್ಲಿ ಕೂತವರಿಗೆ, ಮುಂದಿನ ಎಂಜಿನ್ನಿನ ಹೊಗೆ ಮತ್ತು ತಮ್ಮದೇ ಎಂಜಿನ್ನಿನ ಕಾವು ಎರಡೂ ಬರುತ್ತಿತ್ತು. ಶೌಚಾಲಯವೂ ಇಲ್ಲದ ಕ್ಯಾಬಿನ್ ಅದು. ಕಿವಿಯ ಪಾಡು ಕೇಳುವುದೇ ಬೇಡ. ಮಳೆಗಾಲದ ರಾತ್ರಿ ಲಾಂದ್ರ ಹಿಡಿದು, ಗುಡ್ಡ ಕುಸಿದಿದೆಯೇ ಅಂತ ಹಳಿಯ ಮೇಲೆ ನಡೆದ ಗ್ಯಾಂಗ್‌ಮನ್‌ಗಳ ಮುಂದೆ ನನ್ನ ಆಲ್ಕೊ ಪ್ರೇಮ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವರನ್ನು ಕೇಳಿದರೆ ಹೊಸ ಎಂಜಿನ್ನೇ ಇರಲಿ ಅಂದಾರು. ನ್ಯಾಯವೇ. ಕಾಡಿಗೂ ಅದೇ ಒಳ್ಳೆಯದು.

ಹೊಸ ಎಂಜಿನ್ ಬಂದೂ ಆಗಿದೆ. ಬ್ರಾಡ್ ಗೇಜ್ ಆದ ಮೇಲೆ ಸಕಲೇಶಪುರದ ಘಾಟಿಗೆ ಡಬ್ಲ್ಯುಡಿಜಿ-4 ಅನ್ನುವ ಡೀಸೆಲ್ ಎಂಜಿನ್ ಬಂತು. ಇದು ಅಮೆರಿಕದ ಇನ್ನೊಂದು ಕಂಪನಿಯ ವಂಶ, 4000 ಅಶ್ವಶಕ್ತಿ. ಕಪ್ಪು ಹೊಗೆ ಕಮ್ಮಿ, ಸದ್ದಿನಲ್ಲಿ ಒಂದು ಸಿಳ್ಳೆಯ ಎಳೆ. ಆಲ್ಕೊ ಪಕ್ಷದವರಿಗೂ ಇದರ ಪಕ್ಷದವರಿಗೂ ಈಗಲೂ ಜಗಳ ನಡೆಯುತ್ತದೆ. ಆ ಜಗಳ ಮುಗಿಯುವ ಮೊದಲೇ ಘಾಟಿಯ ಉದ್ದಕ್ಕೂ ಕರೆಂಟ್ ಕಂಬ ನಿಂತವು. ಇನ್ನು ಕೆಲವೇ ವರ್ಷಕ್ಕೆ ಡಬ್ಲ್ಯುಡಿಜಿ-4ರ ಸಿಳ್ಳೆಯನ್ನೂ ಜನ ನೆನೆಸಿಕೊಂಡು ಕೊರಗುತ್ತಾರೆ, ಅಲ್ವಾ? ಡೀಸೆಲ್ ಬಂದಾಗ ಉಗಿಬಂಡಿಯವರು ಇದನ್ನೇ ದರಿದ್ರ ಅಂತ ಬೈದಿದ್ದರು.

ಹಳಬರ ಗತಿ ಒಂದೊಂದು ಥರ. ಕೆಲವು ವೈಡಿಎಂ-4ಗಳು ಮ್ಯಾನ್ಮಾರ್, ಮಲೇಷ್ಯಾ ಸೇರಿದವು. ಅಲ್ಲಿ ಮೀಟರ್ ಗೇಜ್ ಇದೆಯಲ್ಲ. ಕುನ್ನೂರಿನಿಂದ ಊಟಿಗೆ ನೀಲಗಿರಿ ರೈಲು ಎಳೆದವುಗಳಲ್ಲೂ ಇದರ ಬಳಗದವು ಇವೆ. ಪ್ರವಾಸಿಗರು ಮಾತ್ರ ಮೇಟ್ಟುಪಾಳ್ಯಂ ಕಡೆಯ ಹಲ್ಲುಹಳಿಯ ಉಗಿ ಎಂಜಿನ್ನಿಗೇ ಫೋಟೊ ಹೊಡೆದು, ಕುನ್ನೂರಿನಲ್ಲಿ ಡೀಸೆಲ್ ಹಚ್ಚುವಾಗ ಚಹಾ ಕುಡಿಯಲು ಹೋಗುತ್ತಾರೆ. ಏಡಿಗಳಲ್ಲಿ ಒಂದು, 'ಸರ್ ಲೆಸ್ಲಿ ವಿಲ್ಸನ್', ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿದೆ. ಎಲ್ಲಕ್ಕಿಂತ ವಿಚಿತ್ರ ವಾರಾಣಸಿಯಲ್ಲಿ ಆಯಿತು. ಹಳೇ ಆಲ್ಕೊ ಡೀಸೆಲ್ ಎರಡನ್ನು ಬಿಚ್ಚಿ, ಜೋಡಿಸಿ, 10,000 ಅಶ್ವಶಕ್ತಿಯ ಒಂದು ಕರೆಂಟ್ ಎಂಜಿನ್ ಮಾಡಿದರು. 2019ರಲ್ಲಿ ಪ್ರಧಾನಿಯೇ ಹಸಿರು ಬಾವುಟ ತೋರಿಸಿದರು. ಸತ್ತ ಮೇಲೆ ಶತ್ರುವಿನ ಮನೆಯಲ್ಲಿ ಹುಟ್ಟುವುದು ಅಂದರೆ ಇದೇ ಇರಬೇಕು.

ಈಚೆಗೆ ಮಂಗಳೂರು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. 2021ರಿಂದ ಓಡುತ್ತಿದೆ. ತಿರುಗುವ ಸೀಟು, ತಣ್ಣಗೆ ಎಸಿ. ಕಾಡು, ಕಣಿವೆ, ನೀರು ಎಲ್ಲ ಕಾಣುತ್ತದೆ, ಏನೂ ಕೇಳುವುದಿಲ್ಲ. ಜನರಿಗೆ ಖುಷಿಯೇ, ನನ್ನ ತಕರಾರಿಲ್ಲ. ರೈಲ್ವೆಯವರು ಯಾವತ್ತಾದರೂ ಮನಸ್ಸು ಮಾಡಿ, ವರ್ಷಕ್ಕೊಂದು ಭಾನುವಾರ, ಮಳೆಗಾಲದಲ್ಲೇ, ಮುಂದೆ ಒಂದು ಆಲ್ಕೊ, ಹಿಂದೆ ಒಂದು ಆಲ್ಕೊ ಹಚ್ಚಿ ಸುಬ್ರಹ್ಮಣ್ಯ ರೋಡಿನಿಂದ ಮೇಲಕ್ಕೆ ಒಂದು ರೈಲು ಬಿಡಲಿ. ಟಿಕೆಟ್ ದರ ಎಷ್ಟಾದರೂ ಇಡಲಿ. ನನಗೆ ಎಸಿ ಬೇಡ, ಗಾಜು ಬೇಡ. ಮೇಲೆತ್ತಲು ಬರುವ ಕಿಟಕಿ ಇದ್ದರೆ ಸಾಕು, ಕೊನೆಯ ಬೋಗಿಯಲ್ಲಿ.