ನಾಲೆ ನೀರಿನ ಲೆಕ್ಕ ಇರುವೆಗೆ ಕೊಡಬಹುದಾ? ಪರ-ವಿರೋಧ ಎರಡೂ ನಾನೇ

ಜೂನ್-ಜುಲೈ ಬಂತಂದ್ರೆ ದಾವಣಗೆರೆ ಕಡೆ ಟೀ ಅಂಗಡಿಯಿಂದ ಹಿಡಿದು ಮದುವೆ ಮನೆ ತನಕ ಒಂದೇ ಮಾತು, "ಡ್ಯಾಮ್ ಎಷ್ಟಾತಪ್ಪಾ?" ಭದ್ರಾ ಪೂರ್ತಿ ತುಂಬಿದ್ರೆ 186 ಅಡಿ, 71.5 ಟಿಎಂಸಿ. ತುಂಬದಿದ್ರೆ ಆನ್ ಅಂಡ್ ಆಫ್, ಇಷ್ಟು ದಿನ ನೀರು ಇಷ್ಟು ದಿನ ಬಂದ್, ಆಮೇಲೆ ಗಲಾಟೆ. ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡೋನು, ನಮ್ಮ ಗದ್ದೆ ಇರೋದು ನಾಲೆಯ ಕೊನೆ ಭಾಗದಲ್ಲಿ, ಹಂಗಾಗಿ ಈ ಪ್ರಶ್ನೆ ನಂಗೆ ಕ್ಲಾಸಲ್ಲೂ ಬರುತ್ತೆ ಮನೇಲೂ ಬರುತ್ತೆ. ಒಳಹರಿವು ದಿನಾ ಬದಲಾಗೋ ಕಡೆ ಯಾವ ತೂಬಿಗೆ ಯಾವಾಗ ಎಷ್ಟು ನೀರು ಅನ್ನೋದನ್ನ ಇರುವೆ, ಹಕ್ಕಿ, ಜೀನು (ವಂಶವಾಹಿ) ಇವನ್ನ ನೋಡಿ ಮಾಡಿರೋ, ಹಂತ ಹಂತವಾಗಿ ಉತ್ತರ ಹುಡುಕೋ ಕಂಪ್ಯೂಟರ್ ಲೆಕ್ಕಗಳ, ಅಂದ್ರೆ ಆಲ್ಗಾರಿದಮ್‌ಗಳ ಕೈಗೆ ಕೊಡಬಹುದಾ? ಬೇರೆಯವರ ಜೊತೆ ವಾದ ಮಾಡಿ ಸಾಕಾಗಿದೆ, ಎರಡೂ ಕಡೆ ನಾನೇ ಬರೀತೀನಿ.

ಪರ

ಮೊನ್ನೆ ನಮ್ಮ ಅಡುಗೆಮನೇಲಿ ಬೆಲ್ಲದ ಡಬ್ಬಿಗೆ ಇರುವೆ ಸಾಲು ಹಿಡಿದಿತ್ತು. ಮನೆಯವರು ಒದ್ದೆ ಬಟ್ಟೆ ತಗೊಂಡು ಸಾಲಿನ ನಡುವೆ ಒಂದು ಗೇಣಷ್ಟು ಗೋಡೆ ಒರೆಸಿದ್ರು. ಒರೆಸಿದ ಅಂಚಿಗೆ ಬಂದ ಇರುವೆ ಅಲ್ಲೇ ನಿಂತು ಮೀಸೆ ಆಡಿಸ್ತು, ಹಿಂದಿಂದ ಬಂದಿದ್ದು ಅದಕ್ಕೆ ಡಿಕ್ಕಿ, ಒಂದು ನಾಲ್ಕು ವಾಪಸ್ ಹೋದ್ವು, ಒಂದು ಮಾತ್ರ ಎಡಕ್ಕೆ ತಿರುಗಿ ಸ್ವಿಚ್ ಬೋರ್ಡ್ ಕೆಳಗೆ ಹೋಯ್ತು. ಟೀ ಕುಡಿದು ಬಂದು ನೋಡಿದ್ರೆ ಸಾಲು ಸ್ವಿಚ್ ಬೋರ್ಡ್ ಸುತ್ತಿ ಮತ್ತೆ ಡಬ್ಬಿ ಹತ್ರ. ಯಾರೂ ಮೀಟಿಂಗ್ ಕರೆದಿಲ್ಲ, ಯಾರೂ ಮನವಿ ಕೊಟ್ಟಿಲ್ಲ.

ಇದನ್ನೇ 1992ರಲ್ಲಿ ಮಾರ್ಕೊ ಡೊರಿಗೊ ಮಿಲಾನ್‌ನಲ್ಲಿ ಪಿಎಚ್‌ಡಿ ಪ್ರಬಂಧ ಮಾಡಿದ್ದು. ಕಂಪ್ಯೂಟರ್ ಒಳಗಿನ ಇರುವೆ ಒಂದೊಂದೂ ಒಂದೊಂದು ಉತ್ತರ ಕಟ್ಟುತ್ತೆ, ಚೆನ್ನಾಗಿರೋ ಉತ್ತರದ ದಾರಿಗೆ ಫೆರೋಮೋನ್, ಅಂದ್ರೆ ಇರುವೆ ನಡೆದ ದಾರೀಲಿ ಬಿಟ್ಟು ಹೋಗೋ ವಾಸನೆ, ಜಾಸ್ತಿ ಬೀಳುತ್ತೆ, ಮುಂದಿನವು ಅದನ್ನ ಹಿಡಿದು ಹೋಗ್ತವೆ. ಆದ್ರೆ ನಂಗೆ ಇದರಲ್ಲಿ ಇಷ್ಟ ಆಗೋದು ವಾಸನೆ ಹಾಕೋದಲ್ಲ, ವಾಸನೆ ಆರೋದು. ಪ್ರತಿ ಸುತ್ತಿಗೂ ಎಲ್ಲಾ ದಾರಿಯ ವಾಸನೆ ಒಂಚೂರು ಆರುತ್ತೆ. ಹೋದ ವಾರ ಒಳಹರಿವು ಜೋರಾಗಿದ್ದಾಗ ಚೆನ್ನಾಗಿದ್ದ ಸರದಿ ಪಟ್ಟಿ ಈ ವಾರ ಕೆಲಸಕ್ಕೆ ಬರಲ್ಲ ಅಂದ್ರೆ ಅದಕ್ಕೆ ಹೊಸದಾಗಿ ವಾಸನೆ ಬೀಳಲ್ಲ, ತಾನಾಗೇ ಮಾಸಿ ಹೋಗುತ್ತೆ. ಮೊದಲಿಂದ ಲೆಕ್ಕ ಶುರು ಮಾಡೋದು ಬೇಡ, ಹಳೇದಕ್ಕೇ ಅಂಟ್ಕೊಂಡು ಕೂರೋದೂ ಬೇಡ.

ಇದು ಬರೀ ಕಲ್ಪನೆ ಅಲ್ಲ, 1998ರಲ್ಲಿ ಡಿ ಕಾರೊ ಮತ್ತು ಡೊರಿಗೊ ಆಂಟ್‌ನೆಟ್ ಅಂತ ಒಂದು ಮಾಡಿ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್‌ಗಳಿಗೆ ದಾರಿ ಹುಡುಕೋಕೆ ಬಿಟ್ರು, ಅಲ್ಲಿ ಟ್ರಾಫಿಕ್ ಕ್ಷಣಕ್ಕೊಂದು ತರ ಇರುತ್ತೆ, ಸಿಮ್ಯುಲೇಷನ್‌ನಲ್ಲಿ ಅದು ಆಗಿನ ಮಾಮೂಲಿ ವಿಧಾನಗಳ ಎದುರು ಚೆನ್ನಾಗೇ ನಿಂತಿತು. ಕವಲು ಕವಲಾಗಿ ಒಡೆಯೋ ನಾಲೆನೂ ಒಂದು ನೆಟ್‌ವರ್ಕೇ ತಾನೆ.

ಜೆನೆಟಿಕ್ ಆಲ್ಗಾರಿದಮ್, ಅಂದ್ರೆ ಉತ್ತರಗಳನ್ನ ತಳಿ ತರ ಬೆರೆಸಿ ಚೆನ್ನಾಗಿರೋವನ್ನ ಉಳಿಸ್ಕೊಂಡು ಹೋಗೋ ವಿಧಾನ, ಅದರ ಕಡೆ ಬಂದ್ರೆ, ಜಾನ್ ಹಾಲೆಂಡ್ 1975ರಲ್ಲಿ ಪುಸ್ತಕ ಬರೆದಾಗಿಂದ ಇದರದ್ದು ಒಂದು ರೋಗ ಇತ್ತು, ಓಡ್ತಾ ಓಡ್ತಾ ಎಲ್ಲಾ ಉತ್ತರಗಳೂ ಒಂದೇ ಮುಖ ಆಗಿಬಿಡ್ತವೆ, ಆಮೇಲೆ ಪರಿಸ್ಥಿತಿ ಬದಲಾದ್ರೆ ಹುಡುಕೋಕೆ ಯಾರೂ ಉಳಿದಿರಲ್ಲ. ಇದಕ್ಕೆ 1990ರಲ್ಲಿ ಹೆಲೆನ್ ಕಾಬ್ ಹೇಳಿದ ಔಷಧಿ, ಫಲಿತಾಂಶ ಕೆಡ್ತಿದೆ ಅಂತ ಗೊತ್ತಾದ ತಕ್ಷಣ ಮ್ಯುಟೇಷನ್, ಅಂದ್ರೆ ಉತ್ತರಗಳಲ್ಲಿ ಅಡ್ಡಾದಿಡ್ಡಿ ಬದಲಾವಣೆ, ಜೋರು ಮಾಡು. 1992ರಲ್ಲಿ ಗ್ರೆಫೆನ್‌ಸ್ಟೆಟ್ ಹೇಳಿದ್ದು ಇನ್ನೂ ಸಲೀಸು, ಪ್ರತಿ ತಲೆಮಾರಿಗೂ ಒಂದಷ್ಟು ಗುರುತು ಪರಿಚಯ ಇಲ್ಲದ ವಲಸಿಗರನ್ನ, ಅಂದ್ರೆ ಹೊಸದಾಗಿ ಸುಮ್ನೆ ಹುಟ್ಟಿಸಿದ ಉತ್ತರಗಳನ್ನ, ಒಳಗೆ ಬಿಡು. ಮಿಲ್ ನಡೀತಿದ್ದ ಕಾಲಕ್ಕೆ ಎಲ್ಲೆಲ್ಲಿಂದಲೋ ಬಂದೋರನ್ನ ಸೇರಿಸ್ಕೊಂಡು ಬೆಳೆದ ದಾವಣಗೆರೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ, ಇವು ಒಂದೇ ಉತ್ತರಕ್ಕೆ ಜೋತು ಬೀಳಲ್ಲ. ಕೋಟೆ ಹತ್ತಿದೋರಿಗೆ ಗೊತ್ತು, ಚಿತ್ರದುರ್ಗದಲ್ಲಿ ಚೂಪು ಬಂಡೆ ತುದಿಗೆ ನಿಂತ್ರೆ ಎತ್ತರ ಜಾಸ್ತಿ ಆದ್ರೆ ಗಾಳಿ ಬಂದ್ರೆ ಕಥೆ ಮುಗೀತು, ಒಂಚೂರು ಕೆಳಗಿನ ಹಾಸುಬಂಡೆ ಮೇಲೆ ಆರಾಮಾಗಿ ಕೂರಬಹುದು. ಅನಿಶ್ಚಿತ ಕಡೆ ಬೇಕಿರೋದು ಹಾಸುಬಂಡೆ, ಅಂದ್ರೆ ಒಂಚೂರು ಕಮ್ಮಿ ಆದ್ರೂ ಪರಿಸ್ಥಿತಿ ಬದಲಾದಾಗ ಕೆಡದಿರೋ ಉತ್ತರ. ಅದೂ ಅಲ್ದೆ ಚನ್ನಗಿರಿ ಕಡೆ ಅಡಿಕೆ ತೋಟ, ಹರಿಹರದ ಕಡೆ ಭತ್ತ, ಪಟ್ಟಣಕ್ಕೆ ಕುಡಿಯೋ ನೀರು, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ. ಕಾನ್ಪುರ ಐಐಟಿಯಲ್ಲಿ ಕಲ್ಯಾಣ್‌ಮೊಯ್ ದೇಬ್ ಮತ್ತು ಸಂಗಡಿಗರು ಮಾಡಿ 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಇದಕ್ಕೇ ಇರೋದು, ಇವರಿಗೆ ಇಷ್ಟು ಕೊಟ್ರೆ ಅವರಿಗೆ ಎಷ್ಟು ಕಮ್ಮಿ ಆಗುತ್ತೆ ಅನ್ನೋ ಪೂರ್ತಿ ಪಟ್ಟಿ ಮುಂದಿಡುತ್ತೆ, ಆರಿಸೋದು ಮನುಷ್ಯರೇ. ಈಗ ಮೀಟಿಂಗಲ್ಲಿ ಆ ಪಟ್ಟಿ ಇಲ್ದೇನೇ ತಾನೆ ಕೂಗಾಡೋದು?

ವಿರೋಧ

ಆ ಇರುವೆ ಕಥೆ ಚೆನ್ನಾಗಿ ಬರೆದೆ, ಆದ್ರೆ ಅರ್ಧ ಹೇಳಿ ನಿಲ್ಲಿಸಿದೆ. ಡೊರಿಗೊಗೆ ಸ್ಫೂರ್ತಿ ಕೊಟ್ಟ ಬ್ರಸೆಲ್ಸ್‌ನ ಪ್ರಯೋಗದಲ್ಲಿ ಇರುವೆಗಳಿಗೆ ಎರಡು ಸೇತುವೆ ಇಟ್ಟಿದ್ರು, ಒಂದು ಉದ್ದ ಒಂದು ಗಿಡ್ಡ, ಗಿಡ್ಡದ್ದನ್ನೇ ಹಿಡಿದ್ವು, ಸರಿ. ಆದ್ರೆ ಮೊದಲು ಬರೀ ಉದ್ದದ್ದು ಇಟ್ಟು ಅರ್ಧ ಗಂಟೆ ಬಿಟ್ಟು ಗಿಡ್ಡದ್ದು ಇಟ್ಟಾಗ ಹೆಚ್ಚಿನವು ಹಳೇ ಉದ್ದದ ದಾರೀಲೇ ಓಡಾಡಿದ್ವು. ನಿಜವಾದ ವಾಸನೆ ಅಷ್ಟು ಬೇಗ ಆರಲ್ಲ. ಬೇಗ ಆರೋ ಹಾಗೆ ಮಾಡಿದ್ದು ಪ್ರೋಗ್ರಾಂ ಬರೆದ ಮನುಷ್ಯ. ಪ್ರಕೃತಿ ಕಲಿಸಿದ್ದು ಅಂತ ಹೇಳ್ತೀವಲ್ಲ, ಬದಲಾವಣೆಗೆ ಹೊಂದ್ಕೊಳ್ಳೋ ಭಾಗನೇ ನಾವು ಸೇರಿಸಿದ್ದು.

ಹೋಗ್ಲಿ, ಎಷ್ಟು ಬೇಗ ಮರೀಬೇಕು ಅಂತ ಯಾರು ಹೇಳೋದು? ಹಿರಿಯೂರಿನ ವಾಣಿ ವಿಲಾಸ ಸಾಗರ ನೋಡಿ, 1907ರಲ್ಲಿ ಕಟ್ಟಿ ಮುಗಿದಿದ್ದು, 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಕೋಡಿ ಬಿದ್ದಿದ್ದು 89 ವರ್ಷ ಬಿಟ್ಟು 2022ರಲ್ಲಿ, ಮತ್ತೆ 2025ರ ಜನವರಿಯಲ್ಲೇ ಇನ್ನೊಂದು ಸಲ. ಅದರಲ್ಲೂ ಈಚೆಗೆ ಭದ್ರೆಯ ನೀರೂ ಅಲ್ಲಿಗೆ ಬರೋಕೆ ಶುರುವಾಗಿದೆ, ಅಂದ್ರೆ ಪರಿಸರ ಬದಲಾಗಿದ್ದು ಮಳೆಯಿಂದ ಮಾತ್ರ ಅಲ್ಲ. 89 ವರ್ಷದ ನೆನಪು ಇಟ್ಕೊಂಡ ಇರುವೆನೂ ತಪ್ಪುತ್ತೆ, ಮರೆತ ಇರುವೆನೂ ತಪ್ಪುತ್ತೆ. ಪೇಪರ್‌ಗಳಲ್ಲಿ ಪರೀಕ್ಷೆ ಮಾಡೋದು ಹೆಂಗೆ ಗೊತ್ತಾ, 1999ರಲ್ಲಿ ಬ್ರಾಂಕೆ ಮಾಡಿದ ಓಡಾಡೋ ಶಿಖರಗಳ ಆಟದಲ್ಲಿ (ಅಲ್ಲಿ ಶಿಖರ ಅಂದ್ರೆ ಒಳ್ಳೇ ಉತ್ತರ), ಇಷ್ಟು ಹೆಜ್ಜೆಗೊಮ್ಮೆ ಶಿಖರ ಇಷ್ಟು ಸರಿಯುತ್ತೆ ಅಂತ ನಾವೇ ಸೆಟ್ ಮಾಡಿ. ಮುಂಗಾರು ಹಂಗೆಲ್ಲ ಹೇಳಿ ಕೇಳಿ ಸರಿಯಲ್ಲ.

ಇನ್ನು ಆಲ್ಗಾರಿದಮ್ ಹೆಸರುಗಳ ಈ ಮೃಗಾಲಯ. 2009ರಲ್ಲಿ ಕೋಗಿಲೆ ಜಾತಿ ಹಕ್ಕಿ, 2010ರಲ್ಲಿ ಬಾವಲಿ, 2014ರಲ್ಲಿ ಬೂದು ತೋಳ, 2016ರಲ್ಲಿ ತಿಮಿಂಗಿಲ. ಕೆನೆತ್ ಸೊರೆನ್‌ಸನ್ 2015ರಲ್ಲೇ ಇದನ್ನೆಲ್ಲ ಜಾಲಾಡಿದ, ಹೆಸರು ಹೊಸದು ಸರಕು ಹಳೇದು ಅಂತ. ಸಂಗೀತದ ಹೆಸರಲ್ಲಿ 2001ರಲ್ಲಿ ಬಂದ ಹಾರ್ಮನಿ ಸರ್ಚ್ ಜೀವವಿಕಾಸ ನೋಡಿ ಮಾಡಿದ ಹಳೇ ಎವಲ್ಯೂಷನ್ ಸ್ಟ್ರಾಟಜಿಯದ್ದೇ ಒಂದು ವಿಶೇಷ ರೂಪ ಅಂತ ವೇಲ್ಯಾಂಡ್ 2010ರಲ್ಲಿ ತೋರಿಸಿದ. ಇರುವೆ ತಂದ ಡೊರಿಗೊ ಕೂಡ ಆಮೇಲೆ ಸಂಗಡಿಗರ ಜೊತೆ ಸೇರಿ ತೋಳ, ಬಾವಲಿಗಳ ಬಣ್ಣ ಬಯಲು ಮಾಡಿದ್ದಾನೆ.

ನನ್ನ ಹತ್ರ ಪ್ರಾಜೆಕ್ಟ್ ಮಾಡ್ತಿದ್ದ ಹುಡುಗ ಒಬ್ಬ ಬೂದು ತೋಳ ಹಿಡ್ಕೊಂಡು ಬಂದ, ಸರ್ ಎಲ್ಲಾ ಫಂಕ್ಷನ್‌ಗೂ (ಪರೀಕ್ಷೆಗೆ ಇಟ್ಟ ಲೆಕ್ಕಗಳಿಗೆ) ಸಖತ್ ಉತ್ತರ ಬರ್ತಿದೆ ಅಂತ. ಗ್ರಾಫ್ ನೋಡಿದ್ರೆ ಎಲ್ಲದರ ಸರಿ ಉತ್ತರನೂ ಸೊನ್ನೆ ಹತ್ರಾನೇ. "ಉತ್ತರಾನ ಸ್ವಲ್ಪ ಪಕ್ಕಕ್ಕೆ ಸರಿಸಿ ಓಡಿಸಪ್ಪಾ" ಅಂದೆ. ಓಡಿಸಿದ. ತೋಳ ಸುಸ್ತಾಯ್ತು. ಅದರ ಸೂತ್ರದಲ್ಲೇ ಸೊನ್ನೆ ಕಡೆ ಎಳೆಯೋ ಗುಣ ಇದೆ, ಉತ್ತರ ಅಲ್ಲೇ ಇದ್ರೆ ಹುಲಿ, ಬೇರೆ ಕಡೆ ಇದ್ರೆ ಬೆಕ್ಕು. ಹುಡುಗನ ಮುಖ ನೋಡಿ ನಂಗೇ ಬೇಜಾರಾಯ್ತು. ವೋಲ್ಪರ್ಟ್, ಮಕ್ರೆಡಿ 1997ರಲ್ಲೇ ಸಾಧಿಸಿದ್ದಾರೆ, ಎಲ್ಲಾ ಸಮಸ್ಯೆಗಳನ್ನೂ ಸಮನಾಗಿ ಸೇರಿಸಿ ನೋಡಿದ್ರೆ ಯಾವ ಆಲ್ಗಾರಿದಮ್ಮೂ ಇನ್ನೊಂದಕ್ಕಿಂತ ಮೇಲಲ್ಲ. ನಾಲೆ ಸರದಿಯ ದೊಡ್ಡ ಭಾಗಕ್ಕೆ 1947ರ ಡಾಂಟ್‌ಜಿಗ್‌ನ ಲೀನಿಯರ್ ಪ್ರೋಗ್ರಾಮಿಂಗ್ (ಮಿತಿಗಳ ಒಳಗೇ ಒಳ್ಳೇ ಹಂಚಿಕೆ ಹುಡುಕೋ ನೇರ ಗಣಿತ) ಹಾಕಿ ವಾರಕ್ಕೊಮ್ಮೆ ಹೊಸ ಒಳಹರಿವು ತುಂಬಿ ಮತ್ತೆ ಓಡಿಸಿದ್ರೆ ಸಾಕು ಅಂತ ನನ್ನ ಲೆಕ್ಕ. ಹೆಸರಿಗೆ ಪ್ರಾಣಿ ಇಲ್ಲ ಅಷ್ಟೇ.

ಮರೆಯೋದೇ ಶಕ್ತಿ ಅಂದ್ಯಲ್ಲ ಮೇಲೆ, ರೈತನಿಗೆ ಅದೇ ಕುತ್ತಿಗೆಗೆ ಬರೋದು. ಸಸಿ ಮಡಿ ಬಿಟ್ಟು ಇಪ್ಪತ್ತೈದು ದಿನಕ್ಕೆ ನಾಟಿ, ನಾಟಿ ಆದ ಮೇಲೆ ಹಿಂದಕ್ಕೆ ಹೋಗೋಕಾಗಲ್ಲ. ಹೋದ ವಾರ ಕೊಟ್ಟ ಮಾತಿನ ವಾಸನೆ ಈ ವಾರ ಆರಿ ಹೋಯ್ತು ಅಂತ ನೀರು ನಿಲ್ಲಿಸಿದ್ರೆ ಗದ್ದೆ ಬಿರುಕು ಬಿಡುತ್ತೆ, ಬೀಜ ಗೊಬ್ಬರ ಆಳಿನ ದುಡ್ಡು ಅಷ್ಟೂ ಹೋಯ್ತು. ಕೆಟ್ಟ ದಾರಿ ಹಿಡಿದ ಇರುವೆನ ಕಂಪ್ಯೂಟರ್ ಒರೆಸಿ ಹಾಕುತ್ತೆ, ನಮ್ಮಪ್ಪನ್ನ ಒರೆಸೋಕಾಗಲ್ಲ. "ನಮ್ಮ ತೂಬಿಗೆ ಯಾಕೆ ಬರ್ಲಿಲ್ಲ?" ಅಂತ ಕೇಳಿದ್ರೆ ಏನು ಹೇಳ್ತೀಯ, ಇನ್ನೊಂದು ಸಲ ರನ್ ಮಾಡಿದ್ರೆ ಬರ್ತಿತ್ತು ಅಂತನಾ?

ಇಷ್ಟೆಲ್ಲ ಆದ ಮೇಲೆ ಆ ತೋಳದ ಹುಡುಗನ್ನ ಕರ್ಕೊಂಡು ನಮ್ಮೂರ ಹತ್ರ ನಾಲೆ ಏರಿ ಮೇಲೆ ಹೋದೆ, ನಿಜವಾದ ಡೇಟಾ ನೋಡು ಬಾ ಅಂತ. ಅರ್ಧ ಕಿಲೋಮೀಟರ್ ಒಳಗೇ ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪು ಆರು ಸಿಕ್ವು, ಅವನ ಸಿಮ್ಯುಲೇಟರ್‌ನಲ್ಲಿ ಒಂದೂ ಇರಲಿಲ್ಲ. ಸೌಡಿ ಕೆಲಸ, ಅಂದ್ರೆ ನಾಲೆ ನೀರು ಬಿಡೋ ಕೆಲಸ, ಮಾಡೋರು ಒಬ್ಬರು ಸಿಕ್ರು, ರಾತ್ರಿ ಯಾರ್ಯಾರು ಬಂದು ತೂಬು ಎತ್ತುತಾರೆ ಅಂತ ಬಾಯಲ್ಲೇ ಪಟ್ಟಿ ಕೊಟ್ರು, "ಬರ್ಕೋಬೇಡ್ರಿ ಮತ್ತೆ" ಅಂದ್ರು. ಹುಡುಗ ಗೇಜ್ ಪಟ್ಟಿ ಹತ್ರ ಕೂತು ನೀರಿನ ಮಟ್ಟ ಓದೋಕೆ ನೋಡಿದ, ಪಾಚಿ ಕಟ್ಟಿ ಅಂಕಿ 3 ಇದೆಯೋ 8 ಇದೆಯೋ ತಿಳೀಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಕೆಳಗಿಳಿದು ಕರ್ಚೀಫಲ್ಲಿ ಉಜ್ಜಿದ. 3.