‘ಲಿಂಕ್ ಇದ್ರೆ ಕಳ್ಸಿ ಗುರು’

ಹೆಣ್ಣಿನ ಮೇಲಿನ ದೌರ್ಜನ್ಯದ ಸುದ್ದಿ ಯಾವ ಪೇಜಿನಲ್ಲೇ ಬರಲಿ, ಕೆಳಗೆ ಎರಡು ಕಾಮೆಂಟ್ ಖಾಯಂ. ಒಂದು, ‘ಅವಳ್ಯಾಕೆ ಅಲ್ಲಿಗೆ ಹೋಗಿದ್ಲು?’ ಇನ್ನೊಂದು, ‘ಲಿಂಕ್ ಇದ್ರೆ ಕಳ್ಸಿ ಗುರು.’ ಮೊದಲನೆಯದರ ಮೇಲೆ ಮುಗಿಬಿದ್ದು ಜಗಳ ಆಡ್ತೀವಿ. ಎರಡನೆಯದಕ್ಕೆ ನಗುವ ಇಮೋಜಿ ಬೀಳುತ್ತೆ. ನನ್ನ ಕೇಳಿದರೆ ಕೆಟ್ಟದ್ದು ಎರಡನೆಯದೇ. ನಡೆದದ್ದು ಅಪರಾಧ ಅನ್ನೋದೇ ಅಲ್ಲಿ ಮರೆತುಹೋಗಿರುತ್ತೆ.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಓಡಾಡಿದವು. ಆಮೇಲೆ ಮುಖ ಮರೆಸದ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಹಂಚಿದರೆ ಕೇಸು ಹಾಕ್ತೀವಿ ಅಂತ ಪೊಲೀಸರ ವಿಶೇಷ ತನಿಖಾ ತಂಡವೇ (ಎಸ್‌ಐಟಿ) ಹೇಳಬೇಕಾಯಿತು. ಐಟಿ ಕಾಯ್ದೆಯ 67ಎ ಪ್ರಕಾರ ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮೊದಲು ಹಾಕಿದವನಿಗಷ್ಟೇ ಅಲ್ಲ, ದಾಟಿಸಿದವನಿಗೂ.

‘ನ್ಯಾಯ ಬೇಕು’ ಅಂತ ಫೋಟೋ ಹಾಕುವವರೂ ಇದರಿಂದ ಹೊರತಲ್ಲ. ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಕೋಲ್ಕತ್ತಾದ ವೈದ್ಯೆಯ ಹೆಸರು, ಫೋಟೋ ತೆಗೆಸಲು 2024ರ ಆಗಸ್ಟ್ 20ರಂದು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ನಿನಡಿ 2 ವರ್ಷದವರೆಗೆ ಜೈಲು. ಮುಖ ಬ್ಲರ್ ಮಾಡಿ, ಊರು, ಓಣಿ, ಗಂಡನ ಕೆಲಸ ಎಲ್ಲ ಬರೆದರೆ ಬ್ಲರ್ ಯಾವ ಪುರುಷಾರ್ಥಕ್ಕೆ?

ಅಂಥದ್ದು ಕಣ್ಣಿಗೆ ಬಿದ್ದರೆ ಬೈಯಲು ಹೋಗಬೇಡಿ, ಶೇರ್ ಮಾಡಿ ಖಂಡಿಸಲೂ ಹೋಗಬೇಡಿ. ಆ ಪೋಸ್ಟಿನ ಲಿಂಕ್ ಕಾಪಿ ಮಾಡಿಕೊಳ್ಳಿ. ಪ್ರೊಫೈಲ್ ಲಿಂಕ್ ಒಂದೇ ಸಾಲದು, ಹೆಸರು ಬದಲಾಗುತ್ತೆ. ದಿನಾಂಕ, ಸಮಯ ಬರೆದಿಡಿ, ಆಮೇಲೆ ರಿಪೋರ್ಟ್ ಮಾಡಿ. ಬಹಳ ಜನ ಗಾಬರಿಯಲ್ಲಿ ಮೊದಲು ಬ್ಲಾಕ್ ಮಾಡ್ತಾರೆ, ಆಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿದಿರಲ್ಲ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಆದರೆ ಹೆಸರಿಲ್ಲದ ದೂರು ಎಲ್ಲಿಗೆ ಬಂತು ಅಂತ ನೋಡಲಾಗದು. 1930 ದುಡ್ಡಿನ ಮೋಸಕ್ಕೆ, ಹೆಣ್ಣುಮಕ್ಕಳ ಸಹಾಯವಾಣಿ 181.

ಹರಿದಾಡುವ ಖಾಸಗಿ ಚಿತ್ರ ತನ್ನದೇ ಆಗಿದ್ದು ವಯಸ್ಸು 18 ದಾಟಿದ್ದರೆ, ಒಪ್ಪಿಗೆಯಿಲ್ಲದೆ ಅದು ಹರಡುವುದನ್ನು ತಡೆಯಲು ‘ಸ್ಟಾಪ್ ಎನ್‌ಸಿಐಐ’ ಅನ್ನೋ ವೆಬ್‌ಸೈಟ್ ಇದೆ. ಚಿತ್ರ ಫೋನಿನಲ್ಲೇ ಉಳಿಯುತ್ತೆ, ಅದರ ಡಿಜಿಟಲ್ ಬೆರಳಚ್ಚು, ಅಂದರೆ ಗುರುತಿನ ಕೋಡ್ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತೆ, ಅದಕ್ಕೆ ತಾಳೆಯಾಗುವ ಚಿತ್ರವನ್ನು ಅವು ಹುಡುಕಿ ತೆಗೆಯುತ್ತವೆ. ಕತ್ತರಿಸಿ ತಿದ್ದಿದ ಪ್ರತಿ ತಪ್ಪಿಸಿಕೊಳ್ಳಬಹುದು, ಹಾಗಾಗಿ ಸಿಕ್ಕ ಒಂದೊಂದು ಪ್ರತಿಗೂ ಬೆರಳಚ್ಚು ಮಾಡಿಸಬೇಕು. ವಾಟ್ಸ್‌ಆ್ಯಪ್ ಚಾಟಿನೊಳಗೆ ಇದು ನಡೆಯಲ್ಲ. ಅಲ್ಲಿ ಮೆಸೇಜಿನ ಮೇಲೆ ಬಾಣದ ಗುರುತು ಜೋಡಿಯಾಗಿದ್ದರೆ ಅದು ಕಡಿಮೆ ಅಂದರೂ ಐದು ಕೈ ದಾಟಿ ಬಂದದ್ದು. ಮುಂದಕ್ಕೆ ಒಂದು ಸಲಕ್ಕೆ ಒಂದೇ ಚಾಟಿಗೆ ಹೋಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆಟೋ ಡೌನ್‌ಲೋಡ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಕೇಳದ ವಿಡಿಯೋ ನಿಮ್ಮ ಗ್ಯಾಲರಿಯಲ್ಲಿ, ಮಗುವಿನ ಬರ್ತ್‌ಡೇ ಫೋಟೋ ಪಕ್ಕದಲ್ಲೇ ಕೂತಿರುತ್ತೆ.