ನಮ್ಮವರ ತಪ್ಪಿಗೆ ಕಾರಣ, ಹೊರಗಿನವರ ತಪ್ಪಿಗೆ ಹಣೆಪಟ್ಟಿ

ಕರ್ನಾಟಕ ಬಿಟ್ಟು ಬೇರೆ ಕಡೆ ಬದುಕುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಇಲ್ಲಿಯವರೊಬ್ಬರು ಕೆಲಸಕ್ಕೆ ತಡವಾಗಿ ಬಂದರೆ "ಪಾಪ, ಮಗುವಿಗೆ ಹುಷಾರಿಲ್ಲವಂತೆ" ಎಂಬ ಮಾತು ಬರುತ್ತದೆ. ನಾನು ತಡವಾಗಿ ಹೋದರೆ "ಆ ಕಡೆಯವರೇ ಹಾಗೆ." ಕರ್ನಾಟಕದಲ್ಲಿದ್ದಾಗ ನನ್ನ ತಪ್ಪು ನನ್ನೊಬ್ಬನದೇ ಆಗಿತ್ತು. ಇಲ್ಲಿ ಅದು ಎಲ್ಲ ಕನ್ನಡಿಗರ ಲೆಕ್ಕಕ್ಕೆ ಹೋಗುತ್ತದೆ.

ಒಳ್ಳೆಯದು ಮಾಡಿದಾಗ ಮಾತ್ರ ಈ ಲೆಕ್ಕ ತಿರುಗುತ್ತದೆ. "ನೀವು ಹಾಗಲ್ಲ ಬಿಡಿ, ನೀವು ಬೇರೆ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಳಿದಾಗ ನನಗೆ ಬೇಸರವಾಗುತ್ತದೆ. ಕೆಟ್ಟದ್ದು ಗುಂಪಿನ ಗುಣ, ಒಳ್ಳೆಯದು ಮಾತ್ರ ಅಪವಾದ ಅಂದಂತಾಯಿತಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ 1979ರಲ್ಲೇ ಈ ಬಗೆಯ ತೀರ್ಪಿನ ಬಗ್ಗೆ ಬರೆದಿದ್ದರು. ಹೊರಗಿನವರು ಎಷ್ಟು ಚೆನ್ನಾಗಿ ನಡೆದುಕೊಂಡರೂ ಅದನ್ನು ಅದೃಷ್ಟ ಅಥವಾ ಅಪವಾದ ಅಂತ ಪಕ್ಕಕ್ಕಿಟ್ಟರೆ, ಮೊದಲಿನ ಅಭಿಪ್ರಾಯ ಬದಲಾಗುವ ದಾರಿಯೇ ಮುಚ್ಚುತ್ತದೆ.

ಇದಕ್ಕೆ ಹಳೆಯ ಜಗಳ, ದ್ವೇಷ ಬೇಕೇ ಬೇಕು ಅಂತೇನಿಲ್ಲ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಶಾಲಾ ಹುಡುಗರ ಜೊತೆ ಪ್ರಯೋಗಗಳನ್ನು ಮಾಡಿದರು. ಒಂದರಲ್ಲಿ, ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಕಾರರ ಹೆಸರು ಹಿಡಿದು, ನಿಮಗೆ ಕ್ಲೀ ಚಿತ್ರ ಇಷ್ಟ, ನಿಮಗೆ ಕ್ಯಾಂಡಿನ್‌ಸ್ಕಿ ಚಿತ್ರ ಇಷ್ಟ ಅಂತ ಹೇಳಿ ಎರಡು ಗುಂಪು ಮಾಡಿದರು. ನಿಜಕ್ಕೂ ಹಂಚಿದ್ದು ಸುಮ್ನೆ, ಮನಸ್ಸಿಗೆ ಬಂದಂತೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಅನ್ನುವುದೂ ಹುಡುಗರಿಗೆ ಗೊತ್ತಿರಲಿಲ್ಲ. ಆಮೇಲೆ ಬೇರೆಯವರಿಗೆ ಹಣ ಹಂಚಲು ಹೇಳಿದರು. ಹಂಚುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಆದರೂ ಅವರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಇನ್ನೊಂದು ಗುಂಪಿಗಿಂತ ಮುಂದಿರಬೇಕು ಅಂತ, ತಮ್ಮವರಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವಂತೆ ಹಂಚಿದವರೂ ಇದ್ದರು.

ಒಂದು ಚಿತ್ರದ ನೆಪಕ್ಕೇ ಹೀಗಾದರೆ, ಭಾಷೆ, ಜಾತಿ, ಧರ್ಮ ಇರುವ ಕಡೆ ಏನಾಗಬೇಡ?

ಹಾಗಂತ ಹೊರನಾಡ ಕನ್ನಡಿಗರು ಬರೀ ನೋವು ತಿನ್ನುವವರು ಅಂತ ನಾನು ಹೇಳುತ್ತಿಲ್ಲ. ನಾವೇ ನಾಲ್ಕು ಜನ ಸೇರಿದಾಗ "ಇಲ್ಲಿಯವರನ್ನು ನಂಬೋಕಾಗಲ್ಲ" ಅನ್ನುವ ಮಾತು ಸಲೀಸಾಗಿ ಬರುತ್ತದೆ. ಕರ್ನಾಟಕದೊಳಗೆ ಇರುವವರು ಅಲ್ಲಿಗೆ ಬಂದವರ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಎರಡೂ ಕಡೆ ನಿಂತು ಕೇಳಿದವರಿಗೆ ಆ ಮಾತಿನ ಮೇಲೆ ಭರವಸೆ ಉಳಿಯುವುದಿಲ್ಲ. ಹೊರನಾಡಿನ ಬದುಕು ಕೊಟ್ಟ ದೊಡ್ಡ ಲಾಭ ಇದು ಅಂತ ನಾನು ನಂಬಿದ್ದೇನೆ.

ಅಕ್ಕಪಕ್ಕ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1954ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಷೆರೀಫ್ ಮತ್ತು ಜೊತೆಗಾರರು ಒಂದು ಶಿಬಿರ ನಡೆಸಿದರು. ಹುಡುಗರ ಎರಡು ಗುಂಪುಗಳ ನಡುವೆ ಪೈಪೋಟಿ ಇಟ್ಟು, ಜಗಳ ಬೆಳೆದ ಮೇಲೆ ಒಟ್ಟಿಗೆ ಊಟಕ್ಕೆ, ಸಿನಿಮಾಕ್ಕೆ ಕೂರಿಸಿದರು. ಜಗಳ ತಣ್ಣಗಾಗಲಿಲ್ಲ. ನೀರು ನಿಂತುಹೋದಾಗ, ಲಾರಿ ಕೆಟ್ಟು ನಿಂತಾಗ ಎರಡೂ ಗುಂಪು ಕೈ ಜೋಡಿಸಲೇಬೇಕಾಯಿತು. ಅಂಥ ಕೆಲಸಗಳು ಒಂದಾದ ಮೇಲೊಂದು ಬಂದಾಗ ಬಿಗುವು ಇಳಿಯುತ್ತಾ ಬಂತು.

ನಮ್ಮ ಸಂಘಗಳ ಬಗ್ಗೆ ನನ್ನ ತಕರಾರು ಇದೇ. ಇಲ್ಲಿಯವರನ್ನು ಅತಿಥಿ ಅಂತ ಕರೆದು, ವೇದಿಕೆಯ ಮೇಲೆ ಕೂರಿಸಿ, ಕಳಿಸಿಬಿಡುತ್ತೇವೆ. ಅದರ ಬದಲು ರಕ್ತದಾನ ಶಿಬಿರವನ್ನೋ ಮಕ್ಕಳ ಓದಿನ ಕೆಲಸವನ್ನೋ ಅವರ ಜೊತೆ ಸೇರಿ ಮಾಡೋಣ. ಕುರ್ಚಿ ಎತ್ತಿಡುವುದಕ್ಕೂ ಅವರಿರಲಿ, ಲೆಕ್ಕ ನೋಡುವುದಕ್ಕೂ ಇರಲಿ, ದುಡ್ಡು ಯಾವುದಕ್ಕೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುವಾಗಲೂ ಇರಲಿ.